ಗ್ಯಾನ ಎಲ್ಲೈತೆ?

ಮೊಳಕಾಲ್ಮುರು ತಾಲ್ಲೂಕಿನ ದೇವಸಮುದ್ರದ ಸೀಮೆಯಲ್ಲಿ ಹೇಳಿದ ಕೆಲಸ ಮರೆತವರನ್ನೂ, ಮಾತಿನ ನಡುವೆ ಎತ್ತಲೋ ನೋಡುವವರನ್ನೂ ಒಂದೇ ಪ್ರಶ್ನೆ ಕೇಳುತ್ತಾರೆ: ‘ನಿನ್ ಗ್ಯಾನ ಎಲ್ಲೈತೆ?’ ಗ್ಯಾನ ಮಾಡ್ಕೊ ಎಂದರೆ ನೆನಪಿಸಿಕೊ. ಗ್ಯಾನ ಇಟ್ಟು ಕೇಳು ಎಂದರೆ ಲಕ್ಷ್ಯವಿಟ್ಟು ಕೇಳು. ಗ್ಯಾನ ತಪ್ಪಿತು ಎಂದರೆ ಎಚ್ಚರ ಹೋಯಿತು. ಇಷ್ಟೊಂದು ಕೆಲಸ ಮಾಡುವ ಮಾತನ್ನು ‘ಜ್ಞಾನ’ದ ಹಳ್ಳಿ ಉಚ್ಚಾರ ಎಂದು ಬದಿಗೆ ತಳ್ಳುವವರ ಮೇಲೆ ನನಗೆ ತಕರಾರಿದೆ. ಜ್ಞಾನ, ಜ್ಞಾಪಕ, ಧ್ಯಾನ ಮೂರೂ ನಾಲಗೆಯ ಮೇಲೆ ಸವೆದು ಒಂದಾಗಿವೆ ಎಂಬುದು ನನ್ನ ಊಹೆ. ಪಂಡಿತರು ಒಪ್ಪದಿದ್ದರೂ ಇದನ್ನು ಬಿಡಲಾರೆ, ಏಕೆಂದರೆ ಅರಿವು, ನೆನಪು, ಲಕ್ಷ್ಯ ಈ ಮೂರನ್ನೂ ಬೇರೆ ಮಾಡಲಾಗದು ಎಂಬ ತಿಳಿವಳಿಕೆ ಅದರಲ್ಲಿದೆ. ಈಗ ಅದೇ ಸೀಮೆಯ ಶಾಲೆಗಳಲ್ಲೂ ಮನೆಗಳಲ್ಲೂ ‘ಫೋಕಸ್ ಮಾಡು’ ಬಂದು ಕೂತಿದೆ. ಫೋಕಸ್ ಮಾಡು ಎಂಬುದು ಬರೀ ಅಪ್ಪಣೆ. ಗ್ಯಾನ ಎಲ್ಲೈತೆ ಎಂದು ಕೇಳುವವರು, ಬೈದು ಕೇಳಿದರೂ ಸರಿ, ಗ್ಯಾನ ಎಲ್ಲೋ ಒಂದು ಕಡೆ ಇದ್ದೇ ಇದೆ ಎಂದು ಒಪ್ಪಿಕೊಂಡೇ ಕೇಳುತ್ತಾರೆ.

ಎಡಿಎಚ್‌ಡಿ ಎಂಬ ಸ್ಥಿತಿಗೆ ಕನ್ನಡದಲ್ಲಿ ‘ಗಮನ ಕೊರತೆ’ ಎಂಬ ಹೆಸರು ಓಡಾಡುತ್ತಿದೆ. ಇದರಲ್ಲಿ ಕೊರತೆ ಎಂಬ ಮಾತೇ ಜನರನ್ನು ದಾರಿ ತಪ್ಪಿಸುತ್ತಿದೆ. ಈ ಸ್ಥಿತಿಯಿರುವ ವಯಸ್ಕರು ಮನಸ್ಸು ಹಿಡಿದ ಕೆಲಸದಲ್ಲಿ ಊಟ, ನಿದ್ದೆ ಮರೆತು ಗಂಟೆಗಟ್ಟಲೆ ಮುಳುಗಬಲ್ಲರು. ಕರೆಂಟ್ ಬಿಲ್ ಕಟ್ಟುವ ಹತ್ತು ನಿಮಿಷದ ಕೆಲಸ ಮಾತ್ರ ತಿಂಗಳುಗಟ್ಟಲೆ ಉಳಿಯುತ್ತದೆ. ‘ಬೇಕಾದ್ದಕ್ಕೆ ಗ್ಯಾನ ಐತೆ, ಬೇಡಾದ್ದಕ್ಕೆ ಇಲ್ಲ’ ಎಂದು ಮನೆಯವರು ಆಡಿಕೊಳ್ಳುವುದು ಇದನ್ನೇ. ಅಮೆರಿಕದ ಮನಶ್ಶಾಸ್ತ್ರಜ್ಞ ರಸೆಲ್ ಬಾರ್ಕ್ಲಿ ಬಹುಕಾಲದಿಂದ ವಾದಿಸುತ್ತ ಬಂದಿರುವುದೂ ಇದನ್ನೇ: ತೊಡಕು ಇರುವುದು ಲಕ್ಷ್ಯವನ್ನು ಬೇಕೆಂದಾಗ ಬೇಕಾದ ಕಡೆಗೆ ತಿರುಗಿಸುವ, ತನ್ನನ್ನು ತಾನು ಹಿಡಿದು ನಡೆಸುವ ಶಕ್ತಿಯಲ್ಲಿ. ಏನು ಮಾಡಬೇಕೆಂದು ಗೊತ್ತಿರುತ್ತದೆ, ಗೊತ್ತಿದ್ದದ್ದು ಮಾಡಬೇಕಾದ ಹೊತ್ತಿಗೆ ಕೈಗೆ ಬರುವುದಿಲ್ಲ. ದೇವಸಮುದ್ರದ ಪ್ರಶ್ನೆ ಈ ವಿಜ್ಞಾನಕ್ಕೆ ‘ಕೊರತೆ’ಗಿಂತ ಹತ್ತಿರವಿದೆ ಎಂಬುದೇ ನನ್ನ ವಾದ.

ಇಲ್ಲೊಂದು ಗಾದೆಯನ್ನು ಬಿಡಿಸಿ ನೋಡಬೇಕು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದಳಂತೆ. ತೆಲುಗಿನಲ್ಲೂ ಇದೇ ಗಾದೆಯಿದೆ, ಹಾಗಾಗಿ ಎರಡೂ ಭಾಷೆ ಆಡುವ ಈ ಗಡಿ ಸೀಮೆಯಲ್ಲಿ ಅವಳು ಎರಡು ಸಲ ನಗೆಪಾಟಲಾಗುತ್ತಾಳೆ. ನಗುವವರು ಒಂದನ್ನು ನೋಡುವುದೇ ಇಲ್ಲ: ಊರೆಲ್ಲ ಅಲೆದರೂ ಕೂಸು ಕೆಳಗೆ ಬೀಳಲಿಲ್ಲ. ಅವಳ ತೋಳು ತನ್ನ ಕೆಲಸ ಮರೆತಿಲ್ಲ. ತೋಳಿಗೆ ಗೊತ್ತಿದ್ದದ್ದು ಆ ಗಳಿಗೆಗೆ ಮನಸ್ಸಿಗೆ ಮುಟ್ಟಲಿಲ್ಲ, ಅಷ್ಟೇ. ಪ್ರೀತಿ ಇಲ್ಲದವಳಾಗಿದ್ದರೆ ಹುಡುಕಲು ಹೊರಡುತ್ತಲೇ ಇರಲಿಲ್ಲ. ಎಡಿಎಚ್‌ಡಿ ಇರುವ ತಾಯಂದಿರು ಶಾಲೆಯ ಚೀಟಿಗೆ ಸಹಿ ಹಾಕುವುದನ್ನು ಮರೆತಾಗ ‘ಮಗುವಿನ ಮೇಲೆ ಗ್ಯಾನ ಇಲ್ಲ’ ಎನ್ನಿಸಿಕೊಳ್ಳುತ್ತಾರೆ. ಗಾದೆಯನ್ನು ಸರಿಯಾಗಿ ಓದಿದರೆ ಆ ಮಾತು ನಿಲ್ಲುವುದಿಲ್ಲ. ಗಾದೆಯಲ್ಲಿ ಹುಡುಕುವವಳು ಹೆಂಗಸೇ ಆಗಿರುವುದನ್ನೂ ಗಮನಿಸಿ. ಹುಡುಗಿಯರಲ್ಲಿ ಈ ಸ್ಥಿತಿ ಹಲವು ಸಲ ಗಲಾಟೆಯಿಲ್ಲದೆ, ಬರೀ ಮರೆವು ಮತ್ತು ಹಗಲುಗನಸಾಗಿ ಇರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಬಹಳ ಮಂದಿಗೆ ತಮ್ಮ ಬಗ್ಗೆ ತಿಳಿಯುವುದು ಮಗುವಿಗೆ ತಪಾಸಣೆಯಾದ ಮೇಲೆ. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಎಡಿಎಚ್‌ಡಿಯ ಅನುವಂಶೀಯತೆ ಶೇ 70ರಿಂದ 80ರಷ್ಟು. ಮಗುವಿಗೆ ಇದ್ದರೆ ಅಪ್ಪ ಅಮ್ಮಂದಿರಲ್ಲಿ ಒಬ್ಬರಿಗಾದರೂ ಇರುವ ಸಾಧ್ಯತೆ ಸಾಕಷ್ಟಿದೆ. ಇನ್ನು ಗಾದೆಯ ಆ ಹೆಂಗಸಿಗೆ ಬೇಕಿದ್ದದ್ದು ಏನು? ‘ಕೂಸು ಕಂಕುಳಲ್ಲೇ ಐತೆ ನೋಡವ್ವ’ ಎನ್ನುವ ಒಂದು ದನಿ. ಹಿಂದಿನ ಹೆಂಗಸರು ಸೆರಗಿಗೆ ಗಂಟು ಹಾಕಿಕೊಳ್ಳುತ್ತಿದ್ದದ್ದು, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದದ್ದು ಅದೇ ದನಿಯ ಬದಲಿಗೆ. ನೆನಪನ್ನು ತಲೆಯಿಂದ ತೆಗೆದು ಕಣ್ಣೆದುರು, ಕೆಲಸ ನಡೆಯುವ ಜಾಗದಲ್ಲೇ ಇಡಿ ಎಂದು ಬಾರ್ಕ್ಲಿ ಹೇಳುವುದೂ ಇದೇ: ಬಾಗಿಲ ಮೇಲೆ ಚೀಟಿ, ಮೊಬೈಲಿನಲ್ಲಿ ಅಲಾರಂ, ಮಾತ್ರೆ ಡಬ್ಬಿ ತಟ್ಟೆಯ ಪಕ್ಕ. ಮಗುವಿಗೂ ಒಂದು ಸಲಕ್ಕೆ ಒಂದೇ ಮಾತು, ಮಾಡಿದ ತಕ್ಷಣ ಮೆಚ್ಚುಗೆ.

ಇದೆಲ್ಲ ಮೊಬೈಲ್ ತಂದ ಪಿಡುಗು ಎನ್ನುವವರಿದ್ದಾರೆ. ಲಂಡನ್ನಿನ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟದ್ದು 1902ರಲ್ಲಿ. ಎಲ್ಲರೂ ಮರೆಯುತ್ತಾರಲ್ಲ ಎಂಬ ಮಾತಿಗೆ ಹೆಚ್ಚು ತೂಕವಿದೆ. ‘ನಂಗೆ ಸ್ವಲ್ಪ ಎಡಿಎಚ್‌ಡಿ’ ಎಂದು ಬೀಗ ಮರೆತವರೆಲ್ಲ ಹೇಳುವ ಈಚಿನ ರೂಢಿ ನನಗೂ ಹಿಡಿಸದು. ನಿಜವಾಗಿ ನರಳುವವರ ಮಾತನ್ನು ಅದು ಹಗುರ ಮಾಡುತ್ತದೆ. ಬರೀ ಮರೆತರೆ ಸಾಲದು: ಲಕ್ಷಣಗಳು 12 ವರ್ಷಕ್ಕೆ ಮುಂಚೆಯೇ ಇರಬೇಕು, ಮನೆ, ಕೆಲಸ ಹೀಗೆ ಎರಡು ಕಡೆಯಾದರೂ ಕಾಣಬೇಕು, ಬದುಕಿಗೆ ತೊಡಕಾಗಿರಬೇಕು ಎಂದು ಮನೋವೈದ್ಯರು ರೋಗನಿರ್ಣಯಕ್ಕೆ ಬಳಸುವ 2013ರ ಡಿಎಸ್‌ಎಂ-5 ಮಾನದಂಡ ಹೇಳುತ್ತದೆ.

ಶ್ರಮಪಟ್ಟರೆ ಎಲ್ಲ ಸಾಧ್ಯ ಎಂಬ ಉಪದೇಶ ಇಂಥ ಮಾತುಗಳಲ್ಲಿ ಮೂರನೆಯದು. ಇದೇ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದ ಅಶೋಕನ ಶಾಸನವೂ ಶ್ರಮದಿಂದ ದೊಡ್ಡವರಂತೆ ಸಣ್ಣವರೂ ಸಾಧಿಸಬಲ್ಲರು ಎನ್ನುತ್ತದೆ. ಆದರೆ ಅದೇ ಶಾಸನದಲ್ಲಿ ಚಕ್ರವರ್ತಿ ತಾನು ಉಪಾಸಕನಾದ ಮೇಲೂ ಒಂದು ವರ್ಷ ಹೆಚ್ಚು ಶ್ರಮಪಡಲಿಲ್ಲವೆಂದೂ, ಸಂಘವನ್ನು ಸೇರಿದ ಮೇಲೆ ಚೆನ್ನಾಗಿ ಶ್ರಮಪಟ್ಟೆನೆಂದೂ ಬರೆಸಿದ್ದಾನೆ. ಜೊತೆ ಸಿಕ್ಕ ಮೇಲೆ ಶ್ರಮ ಕೂಡಿಬಂದಿದೆ. ಎಡಿಎಚ್‌ಡಿ ಇರುವ ಎಷ್ಟೋ ಮಂದಿ ಯಾರಾದರೂ ಪಕ್ಕದಲ್ಲಿ ಕೂತರೆ ಸಾಕು, ಉಳಿದ ಕೆಲಸ ಮುಗಿಸುತ್ತಾರೆ. ಇಂಥವರಿಗೆ ಬೈಗುಳಕ್ಕಿಂತ ಜೊತೆ ಕೊಡಿ ಎಂದು ನಾನು ಮನೆಯವರನ್ನು ಕೇಳಿಕೊಳ್ಳುತ್ತೇನೆ.

ಜೊತೆಯಷ್ಟರಿಂದ ಸಾಲದಿದ್ದರೆ ಚಿಕಿತ್ಸೆಯಿದೆ. ಮಿಥೈಲ್‌ಫೆನಿಡೇಟ್, ಆಟೊಮಾಕ್ಸೆಟಿನ್ ಔಷಧಿಗಳನ್ನು ಮನೋವೈದ್ಯರು ನೋಡಿಯೇ ಕೊಡಬೇಕು. ಅದಕ್ಕೆ ಬೆಂಗಳೂರಿಗೇ ಓಡಬೇಕೆಂದಿಲ್ಲ. ಹಳ್ಳಿಗಳಿಗೆ ಮನೋವೈದ್ಯ ಸೇವೆ ತಲುಪಿಸುವ ನಿಮ್ಹಾನ್ಸ್‌ನ ಪ್ರಯೋಗ 1980ರ ದಶಕದಲ್ಲಿ ನಡೆದದ್ದು ದೇವಸಮುದ್ರಕ್ಕೆ ನೆರೆಯ ಬಳ್ಳಾರಿ ಜಿಲ್ಲೆಯಲ್ಲೇ; ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ 1996ರಲ್ಲಿ ಅದೇ ಮಾದರಿಯಾಯಿತು. ಎಲ್ಲಿ ಕೇಳಬೇಕೆಂದು ತಿಳಿಯದವರಿಗೆ 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಇದೆ. ಅದರ ಸಂಖ್ಯೆ 14416, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತನಾಡಬಹುದು.