ತಾನಾಗಿ ನಿಂತ ರಕ್ತ: ಕಿಡ್ನಿ ಕ್ಯಾನ್ಸರಿನ ಮುನ್ಸೂಚನೆಗಳ ಚರಿತ್ರೆ

ಮೂತ್ರದಲ್ಲಿ ರಕ್ತ ಕಂಡರೆ ಯಾರಿಗಾದರೂ ಗಾಬರಿಯಾಗುತ್ತದೆ. ಆದರೆ ನೋವಿಲ್ಲದೆ ಬಂದ ರಕ್ತ ಮರುದಿನ ತಾನಾಗಿ ನಿಂತರೆ ಗಾಬರಿಯೂ ನಿಲ್ಲುತ್ತದೆ. ‘ಉಷ್ಣ ಆಗಿರಬೇಕು’ ಎಂದು ಎಳನೀರು, ಬಾರ್ಲಿ ನೀರು ಕುಡಿದು ಸುಮ್ಮನಾಗುವವರುಂಟು. ಕಿಡ್ನಿ ಕ್ಯಾನ್ಸರಿನ ಚರಿತ್ರೆ ಎಚ್ಚರಿಸುವುದು ಈ ಸುಮ್ಮನಾಗುವಿಕೆಯ ಬಗ್ಗೆಯೇ.

ರಕ್ತಕ್ಕೂ ಕಿಡ್ನಿಗೂ ಇರುವ ನಂಟು ಹಳೆಯದು. ಮೂತ್ರದಲ್ಲಿ ತಾನಾಗಿ ರಕ್ತ ಬಂದರೆ ಕಿಡ್ನಿಯ ಸಣ್ಣ ನಾಳವೊಂದು ಒಡೆದಿದೆ ಎಂದು ಹಿಪೊಕ್ರೆಟಿಸ್‌ನ ಹೆಸರಿನ ಗ್ರೀಕ್ ಸೂತ್ರಗಳಲ್ಲಿಯೇ ಇದೆ. ಆದರೆ ಒಳಗೆ ನೋಡುವ ದಾರಿ ಇರಲಿಲ್ಲ. ಕಿಡ್ನಿ ತೆಗೆದರೆ ರೋಗಿ ಬದುಕುತ್ತಾನೆಂಬ ಭರವಸೆಯೂ ಇರಲಿಲ್ಲ. 1869ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಗುಸ್ತಾವ್ ಸೈಮನ್ ಎಂಬ ಸರ್ಜನ್, ಮೂತ್ರನಾಳ ಸೋರುತ್ತಿದ್ದ ಮಹಿಳೆಯೊಬ್ಬಳ ಒಂದು ಕಿಡ್ನಿಯನ್ನು ಯೋಜಿಸಿಯೇ ತೆಗೆದ. ಆಕೆ ಬದುಕಿದಳು. ಒಂದೇ ಕಿಡ್ನಿ ಸಾಕೆಂಬುದು ಸಾಬೀತಾಯಿತು.

1883ರಲ್ಲಿ ಪೌಲ್ ಗ್ರಾವಿಟ್ಸ್ ಈ ಗಡ್ಡೆಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಇವು ಪಕ್ಕದ ಅಡ್ರಿನಲ್ ಗ್ರಂಥಿಯ ಚೂರುಗಳಿಂದ ಹುಟ್ಟಿದವು ಎಂದ. ಗಡ್ಡೆ ಹುಟ್ಟುವುದು ಕಿಡ್ನಿಯ ಸ್ವಂತ ನಳಿಕೆಗಳಲ್ಲಿ. ಆದರೂ ಅವನ ಊಹೆಯಿಂದ ಬಂದ ‘ಹೈಪರ್‌ನೆಫ್ರೋಮಾ’ ಎಂಬ ಹೆಸರು ದಶಕಗಳ ಕಾಲ ಉಳಿಯಿತು.

ಮುಂದೆ ವೈದ್ಯ ವಿದ್ಯಾರ್ಥಿಗಳು ಮೂರು ಲಕ್ಷಣಗಳನ್ನು ಬಾಯಿಪಾಠ ಮಾಡಿದರು: ಮೂತ್ರದಲ್ಲಿ ರಕ್ತ, ಪಕ್ಕೆಯಲ್ಲಿ ನೋವು, ಕೈಗೆ ಸಿಗುವ ಗಡ್ಡೆ. ಮೂರೂ ಕೂಡಿ ಬರುವುದು ಅಪರೂಪ. ಬಂದಾಗ ರೋಗ ಸಾಮಾನ್ಯವಾಗಿ ಬಹಳ ಮುಂದುವರಿದಿರುತ್ತದೆ. ಕಿಡ್ನಿ ಇರುವುದು ಬೆನ್ನಿನ ಬದಿಗೆ, ಕರುಳಿನ ಹಿಂದೆ, ಕೊಬ್ಬಿನ ಹೊದಿಕೆಯೊಳಗೆ. ಅಲ್ಲಿ ಗಡ್ಡೆ ದೊಡ್ಡದಾಗುವವರೆಗೆ ಕೈಗೆ ಸಿಗುವುದಿಲ್ಲ, ಅಷ್ಟರಲ್ಲಿ ಇನ್ನೊಂದು ಕಿಡ್ನಿ ಕೆಲಸ ನಡೆಸಿಕೊಂಡು ಹೋಗುತ್ತದೆ.

ಕೆಲವೊಮ್ಮೆ ಸೂಚನೆ ಬೇರೆಲ್ಲೋ ಕಾಣುತ್ತದೆ: ಕಾರಣವಿಲ್ಲದ ಜ್ವರ, ತೂಕ ಇಳಿಯುವುದು, ರಕ್ತಹೀನತೆ, ರಕ್ತದಲ್ಲಿ ಹೆಚ್ಚಿದ ಕ್ಯಾಲ್ಸಿಯಂ. ಗಂಡಸರಲ್ಲಿ ಎಡ ವೃಷಣದ ರಕ್ತನಾಳ ಎಡ ಕಿಡ್ನಿಯ ನಾಳಕ್ಕೆ ಸೇರುತ್ತದೆ. ಹಾಗಾಗಿ ನಡುವಯಸ್ಸಿನಲ್ಲಿ ಅಲ್ಲಿನ ನಾಳಗಳು ಹೊಸದಾಗಿ ಉಬ್ಬಿ, ಮಲಗಿದರೂ ಇಳಿಯದಿದ್ದರೆ ಕಿಡ್ನಿಯನ್ನೂ ನೋಡಬೇಕು.

1971ರಲ್ಲಿ ಲಂಡನ್ನಿನಲ್ಲಿ ರೋಗಿಯೊಬ್ಬರ ಮೊದಲ ಸಿ.ಟಿ. ಸ್ಕ್ಯಾನ್ ನಡೆಯಿತು. ಅದೂ ಅಲ್ಟ್ರಾಸೌಂಡೂ ಬಳಕೆಗೆ ಬಂದ ಮೇಲೆ ಚಿತ್ರವೇ ಬದಲಾಯಿತು. ಇಂದು ಈ ಗಡ್ಡೆಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಬೇರೆ ಯಾವುದೋ ಕಾರಣಕ್ಕೆ ಮಾಡಿಸಿದ ಸ್ಕ್ಯಾನ್‌ನಲ್ಲಿ ಸಿಗುತ್ತವೆ. ಚಿಕ್ಕದಿದ್ದರೆ ಅನೇಕ ಸಲ ಗಡ್ಡೆಯಷ್ಟನ್ನೇ ತೆಗೆದು ಕಿಡ್ನಿ ಉಳಿಸಬಹುದು.

ಆದರೆ ಆಕಸ್ಮಿಕ ಸ್ಕ್ಯಾನಿನ ಅದೃಷ್ಟ ಎಲ್ಲರಿಗೂ ಇರುವುದಿಲ್ಲ. ಕೆಂಪು ಮೂತ್ರಕ್ಕೆ ಹಿಂದಿನ ದಿನ ತಿಂದ ಬೀಟ್‌ರೂಟ್ ಕಾರಣವಿರಬಹುದು. ರಕ್ತವೇ ಆದರೂ ಸೋಂಕೋ ಕಲ್ಲೋ ಇರಬಹುದು. ಅದನ್ನು ತೀರ್ಮಾನಿಸಬೇಕಾದದ್ದು ಪರೀಕ್ಷೆ. ಗಡ್ಡೆಯಿಂದ ಬರುವ ರಕ್ತವೂ ತಾನಾಗಿ ನಿಂತು, ತಿಂಗಳುಗಳ ನಂತರ ಮತ್ತೆ ಕಾಣಬಹುದು. ಧೂಮಪಾನ, ಬೊಜ್ಜು, ಬಿ.ಪಿ. ಇದ್ದವರಿಗೆ, ಮನೆತನದಲ್ಲಿ ಈ ರೋಗ ಕಂಡವರಿಗೆ ಅಪಾಯ ಹೆಚ್ಚು. ಒಂದೇ ಸಲ ಬಂದು ನಿಂತಿದ್ದರೂ ಡಾಕ್ಟರಿಗೆ ಹೇಳಿ, ಮೂತ್ರ ಪರೀಕ್ಷೆ ಮಾಡಿಸಿ, ಅವರು ಸೂಚಿಸಿದರೆ ಸ್ಕ್ಯಾನನ್ನೂ ಮಾಡಿಸಬೇಕು. ಎಳನೀರು ಆಮೇಲೆ ಕುಡಿಯಬಹುದು.