ಒಂದು ದಿನದ ಸುತ್ತು, ಮೂರು ಸರಕಾರ

ಗದಗಿಗೆ ಬಂದವರು ಸಾಮಾನ್ಯವಾಗಿ ವೀರನಾರಾಯಣ, ತ್ರಿಕೂಟೇಶ್ವರ ಗುಡಿ ನೋಡಿ, ಲಕ್ಕುಂಡಿಗೆ ಹೋಗಿಬಂದು ರೈಲು ಹತ್ತಿಬಿಡ್ತಾರೆ. ಇನ್ನೊಂದು ದಿನ ಕೈಯಲ್ಲಿದ್ದರೆ ದಕ್ಷಿಣದ ಕಡೆ ಹೊರಡಿ. ನನ್ನ ಪ್ರವಾಸದ ಕೊನೆಯ ದಿನ ನಾನು ಹಿಡಿದದ್ದು ಅದೇ ದಾರಿ: ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಡಂಬಳ, ಮತ್ತೆ ಗದಗ. ಈಗ ಇವೆಲ್ಲ ಒಂದೇ ಜಿಲ್ಲೆಯ ಊರುಗಳು. ಆದರೆ 1940ರಲ್ಲಿ ಇದೇ ಸುತ್ತು ಹಾಕಿದ್ದರೆ ಮೂರು ಸರಕಾರಗಳ ಗಡಿ ದಾಟಬೇಕಿತ್ತು.

ಮೊದಲು ಲಕ್ಷ್ಮೇಶ್ವರ, ಅಂದರೆ ಹಳೆಯ ಪುಲಿಗೆರೆ. ಸೋಮೇಶ್ವರನ ಗುಡಿಯಲ್ಲಿ ನಂದಿಯ ಮೇಲೆ ಕೂತ ಶಿವಪಾರ್ವತಿಯರನ್ನು ನೋಡಿದೆ. ಸ್ವಲ್ಪ ದೂರದಲ್ಲೇ ಶಂಖ ಬಸದಿ, ಊರೊಳಗೆ ಆದಿಲಶಾಹಿ ಕಾಲದ ಜುಮ್ಮಾ ಮಸೀದಿ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಈ ನಾಲ್ಕರ ನಡುವಿನ ನಾಡೇ ಕನ್ನಡದ ತಿರುಳು ಅಂತ ಒಂಬತ್ತನೇ ಶತಮಾನದ ಕವಿರಾಜಮಾರ್ಗ ಹೇಳುತ್ತೆ. ಕ್ರಿ.ಶ. 941ರ ಹೊತ್ತಿಗೆ ತನ್ನ ಭಾರತ ಬರೆದ ಪಂಪನೂ ಪುಲಿಗೆರೆಯ ಕನ್ನಡವನ್ನೇ ಹೆಮ್ಮೆಯಿಂದ ಹೆಸರಿಸಿದ. ಇಂಥ ಊರು ಬ್ರಿಟಿಷರ ಕಾಲದಲ್ಲಿ ಯಾರ ಕೈಯಲ್ಲಿತ್ತು? ದೂರದ ಮಿರಜ ಸಂಸ್ಥಾನದ ಪಟವರ್ಧನರ ಕೈಯಲ್ಲಿ!

ಅಲ್ಲಿಂದ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿಗೇ ಶಿರಹಟ್ಟಿ. ಹಿಂದೂಗಳು, ಮುಸ್ಲಿಮರು ಇಬ್ಬರೂ ನಡೆದುಕೊಳ್ಳುವ ಫಕೀರೇಶ್ವರ ಮಠ ಇಲ್ಲಿಯದು. ಮಠದ ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರನ್ನು ಮಾತಿಗೆಳೆದೆ.

"ಅಜ್ಜಾರ, ಇದೂ ಮಿರಜದೋರ ಊರಾಗಿತ್ತೇನ್ರಿ?"

"ಅಲ್ರೀ, ನಮ್ದು ಸಾಂಗ್ಲಿ ಸಂಸ್ಥಾನ. ಲಕ್ಷ್ಮೇಶ್ವರ ಮಿರಜದ್ದು, ಗದಗ ಇಂಗ್ರೇಜರದು. ಬೀಗರೆಲ್ಲಾ ಆ ಕಡೆ, ನಾವು ಈ ಕಡೆ," ಅಂತ ನಕ್ಕರು.

ಅವರ ಲೆಕ್ಕ ಸರಿಯಾಗಿಯೇ ಇತ್ತು. ಪಟವರ್ಧನ ಮನೆತನ ಪಾಲಾದಾಗ ಸೀಮೆಗಳೂ ಅಣ್ಣತಮ್ಮಂದಿರ ಹೊಲದ ಹಾಗೆ ಪಾಲಾದವು. ಗದಗ, ಮುಂಡರಗಿ, ಡಂಬಳ ಮಾತ್ರ ನೇರ ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿದ್ದವು. ಮುಂಡರಗಿಯ ಪೂರ್ವಕ್ಕೆ ಕೊಪ್ಪಳ ನಿಜಾಮನ ಸೀಮೆ. ಕವಿರಾಜಮಾರ್ಗದ ಕೊಪಣ ಅಂದರೆ ಅದೇ. ತಿರುಳು ಅನ್ನಿಸಿಕೊಂಡ ನಾಡು ಹೀಗೆ ಹರಿದು ಹಂಚಿಹೋಗಿತ್ತು.

ಈ ಗಡಿಗಳನ್ನು ಲೆಕ್ಕಕ್ಕಿಡದೆ ನಡೆದವನೊಬ್ಬ ಮುಂಡರಗಿಯಲ್ಲಿದ್ದ. 1858ರ ಮೇ ತಿಂಗಳಲ್ಲಿ ನರಗುಂದದ ಬಾಬಾಸಾಹೇಬ ಬ್ರಿಟಿಷರ ವಿರುದ್ಧ ಎದ್ದಾಗ ಮುಂಡರಗಿ ಭೀಮರಾಯನೂ ಎದ್ದ. ಡಂಬಳದ ಖಜಾನೆ ಹೊಡೆದು, ನಿಜಾಮನ ಸೀಮೆಗೆ ನುಗ್ಗಿ, ಕೊಪ್ಪಳದ ಕೋಟೆ ಹಿಡಿದ. ಜೊತೆಗೆ ಹಮ್ಮಿಗಿಯ ಕೆಂಚನಗೌಡ ಇದ್ದ. ಜೂನ್ 1ರಂದು ಕೋಟೆ ಬಿತ್ತು, ಇಬ್ಬರೂ ಅಲ್ಲೇ ಮಡಿದರು. ನರಗುಂದ, ಮುಂಡರಗಿ, ಹಮ್ಮಿಗಿ, ಕೊಪ್ಪಳ: ಆಳುವವರು ಬೇರೆ ಬೇರೆ ಆದರೂ ಜಗಳ ಒಂದೇ ಆಗಿತ್ತು.

ಸಂಜೆ ಡಂಬಳದಲ್ಲಿ ಇಳಿದು ದೊಡ್ಡಬಸಪ್ಪನ ಗುಡಿ ನೋಡಿದೆ. ನಕ್ಷತ್ರದ ಹಾಗೆ ಮೂಲೆ ಮೂಲೆಯಾಗಿ ತಿರುಗುವ ಅದರ ಗೋಡೆಯ ಸುತ್ತ ಒಂದು ಸುತ್ತು ಹಾಕದಿದ್ದರೆ ಗದಗ ನೋಡಿದ್ದು ಪೂರ್ತಿ ಆಗೋದಿಲ್ಲ. ಗದಗಿನ ಬಸ್ಸಿಗೆ ಕಾಯ್ತಾ ಹುಯಿಲಗೋಳ ನಾರಾಯಣರಾಯರು ನೆನಪಾದರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಿದ "ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು" ಬರೆದವರು ಗದಗಿನ ಈ ವಕೀಲರೇ. ಚೆಲುವ ನಾಡು ಉದಯವಾಗಲಿ ಅನ್ನೋ ಆಸೆ ಇಂಥ ಊರಲ್ಲೇ ಯಾಕೆ ಹುಟ್ಟಿತು ಅನ್ನೋದು ಈ ಸುತ್ತು ಹಾಕಿದ ಮೇಲೆ ಬಿಡಿಸಿ ಹೇಳಬೇಕಿಲ್ಲ.

1948ರ ಮಾರ್ಚಿನಲ್ಲಿ ಮಿರಜ, ಸಾಂಗ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರ ನವೆಂಬರ್ 1ರಂದು ಇವೆಲ್ಲ ಊರುಗಳೂ, ನಿಜಾಮನ ಕೊಪ್ಪಳವೂ ಒಂದೇ ರಾಜ್ಯಕ್ಕೆ ಸೇರಿದವು. ಗದಗ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಹಳೇ ಮೈಸೂರಿನವರಿಗೆ ಏಕೀಕರಣ ಅಂದರೆ ನಾಡು ದೊಡ್ಡದಾದದ್ದು. ಇಲ್ಲಿಯವರಿಗೆ ಅದು ಹತ್ತಾರು ಮೈಲಿ ಆಚೆಯ ಬೀಗರ ಊರು ಪರರಾಜ್ಯ ಅಲ್ಲ ಅಂತ ಆದದ್ದು.