ಮಲಗಿದ ನಾಯಿಗೂ ನೋವಿನ ಮದ್ದು ಏಕೆ?

ನಮ್ಮ ಹಿಂದೂಪುರ, ಕಲ್ಯಾಣದುರ್ಗದ ಕಡೆ ಕುರಿ ಹಿಂಡಿನ ಜೊತೆಗೆ ನಾಯಿಯೂ ಇರುತ್ತದೆ. ಅದರ ಕಾಲು ಮುರಿದರೆ ಪಶು ಆಸ್ಪತ್ರೆಗೆ ಒಯ್ಯುತ್ತೇವೆ. ಆಪರೇಷನ್‌ಗೆ ಮೊದಲು ಡಾಕ್ಟರು ಅರಿವಳಿಕೆ ಕೊಡುತ್ತಾರೆ. ಅರಿವೇ ಇಲ್ಲದ ಪ್ರಾಣಿಗೆ ನೋವಿನ ಮದ್ದು ಬೇರೆ ಏಕೆ ಎಂದು ಮಕ್ಕಳು ಕೇಳಬಹುದು. ಉತ್ತರ ಹುಡುಕುತ್ತಾ ಹೋದರೆ ನಾವು ಹೈದರಾಬಾದಿನ ಒಂದು ಹಳೆಯ ಕಥೆಗೆ ಬಂದು ನಿಲ್ಲುತ್ತೇವೆ.

1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ವಿಲಿಯಂ ಮಾರ್ಟನ್ ಈಥರ್ ಕೊಟ್ಟು ರೋಗಿಯನ್ನು ಮಲಗಿಸಿ ತೋರಿಸಿದರು. ಮರುವರ್ಷ ಎಡಿನ್‌ಬರೋದ ಜೇಮ್ಸ್ ಸಿಂಪ್ಸನ್ ಕ್ಲೋರೋಫಾರ್ಮ್ ಬಳಕೆಗೆ ತಂದರು. ಅದು ಬೇಗ ಹರಡಿತು. ಆದರೆ ಕೆಲವು ರೋಗಿಗಳು ಮೇಜಿನ ಮೇಲೆಯೇ ಸತ್ತರು. ಮೊದಲು ನಿಲ್ಲುವುದು ಉಸಿರೋ, ಹೃದಯವೋ ಎಂಬ ವಾದ ಎದ್ದಿತು.

ಇದನ್ನು ತೀರ್ಮಾನಿಸಲು ಹೈದರಾಬಾದಿನ ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿ 1888ರಲ್ಲಿ ಒಂದು ಆಯೋಗ ನಡೆಸಿದರು. ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆ ಅದರ ಫಲಿತಾಂಶವನ್ನು ಒಪ್ಪಲಿಲ್ಲ. ಆಗ ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ 1000 ಪೌಂಡ್ ಕೊಟ್ಟು ತಜ್ಞರನ್ನು ಕಳಿಸಲು ಹೇಳಿದರು. 1889ರಲ್ಲಿ ಲಾಡರ್ ಬ್ರಂಟನ್ ಬಂದು ಎರಡನೆಯ ಆಯೋಗದಲ್ಲಿ ಸೇರಿದರು. ಈ ಪ್ರಯೋಗಗಳಲ್ಲಿ ನೂರಾರು ನಾಯಿಗಳು ಸತ್ತವು. "ಮೊದಲು ನಿಲ್ಲುವುದು ಉಸಿರು, ಅದನ್ನೇ ಗಮನಿಸಿ" ಎಂಬುದು ಆಯೋಗದ ತೀರ್ಪಿನ ಸಾರ. ನಾಯಿಗಳ ನೋವು ಅಲ್ಲಿ ಪ್ರಶ್ನೆಯೇ ಆಗಿರಲಿಲ್ಲ.

ಆ ತೀರ್ಪು ಅರ್ಧಸತ್ಯ ಎಂದು 1911ರಲ್ಲಿ ಗುಡ್‌ಮನ್ ಲೆವಿ ತೋರಿಸಿದರು. ಬೆಕ್ಕುಗಳಿಗೆ ಸ್ವಲ್ಪವೇ ಕ್ಲೋರೋಫಾರ್ಮ್ ಕೊಟ್ಟು ಅಡ್ರಿನಲಿನ್ ಚುಚ್ಚಿದಾಗ ಹೃದಯ ಲಯ ತಪ್ಪಿ ಅದುರಿ ನಿಂತುಹೋಯಿತು. ಭಯವಾದಾಗ, ನೋವಾದಾಗ ನಮ್ಮ ದೇಹವೇ ಅಡ್ರಿನಲಿನ್ ಸುರಿಸುತ್ತದೆ ಎಂಬುದನ್ನು ಇಲ್ಲಿ ನೆನಪಿಡೋಣ.

ಇದಕ್ಕೂ ಮೊದಲೇ, 1860ರ ದಶಕದಲ್ಲಿ, ಫ್ರಾನ್ಸಿನ ಕ್ಲೋಡ್ ಬರ್ನಾರ್ಡ್ ಇನ್ನೊಂದು ಸಂಗತಿ ಕಂಡಿದ್ದರು. ನಾಯಿಗೆ ಅಫೀಮಿನಿಂದ ತೆಗೆದ ಮಾರ್ಫಿನ್ ಕೊಟ್ಟಿದ್ದರೆ ಕಡಿಮೆ ಕ್ಲೋರೋಫಾರ್ಮ್ ಸಾಕಾಗುತ್ತಿತ್ತು.

ಈಗ ಮಕ್ಕಳ ಪ್ರಶ್ನೆಗೆ ಬರೋಣ. ಅರಿವಳಿಕೆಯಲ್ಲಿ ಮೆದುಳು ಮಲಗಿರುತ್ತದೆ, ನರಗಳು ಮಲಗಿರುವುದಿಲ್ಲ. ಕತ್ತರಿ ತಾಗಿದ ಸುದ್ದಿ ಬೆನ್ನುಹುರಿಗೆ ಹೋಗುತ್ತಲೇ ಇರುತ್ತದೆ. ಹೃದಯದ ಬಡಿತ, ರಕ್ತದ ಒತ್ತಡ ಏರುತ್ತವೆ. ಈಗ ಬಳಸುವ ಐಸೋಫ್ಲೂರೇನ್ ಅನಿಲ ನಿದ್ದೆ ತರಿಸುತ್ತದೆ, ನೋವನ್ನು ಅಷ್ಟಾಗಿ ತಡೆಯುವುದಿಲ್ಲ. ಅದಕ್ಕಾಗಿಯೇ ಕತ್ತರಿ ಹಾಕುವ ಮೊದಲೇ ಮಾರ್ಫಿನ್ ಜಾತಿಯ ಮದ್ದು ಕೊಡುತ್ತಾರೆ. ಕೆಲವೊಮ್ಮೆ ಆ ಜಾಗಕ್ಕೆ ಲಿಗ್ನೋಕೇನ್ ಚುಚ್ಚಿ ನರದ ಸುದ್ದಿಯನ್ನೇ ತಡೆಯುತ್ತಾರೆ. ಆಗ ಅನಿಲ ಕಡಿಮೆ ಸಾಕು. ಅನಿಲ ಕಡಿಮೆಯಾದಷ್ಟೂ ರಕ್ತದ ಒತ್ತಡ ಕುಸಿಯುವ ಅಪಾಯವೂ ಕಡಿಮೆ. ಎಚ್ಚರವಾದ ಮೇಲಿನ ನೋವೂ ತಗ್ಗುತ್ತದೆ.

ಮನುಷ್ಯರ ಪ್ರಾಣ ಉಳಿಸುವ ವಿದ್ಯೆಗಾಗಿ ಹೈದರಾಬಾದಿನ ನಾಯಿಗಳು ಸತ್ತವು. ಆ ವಿದ್ಯೆ ನಮ್ಮೂರಿನ ನಾಯಿಗೂ ಸಿಗಬೇಕಾದದ್ದು ನ್ಯಾಯ. ಆಪರೇಷನ್‌ಗೆ ಒಯ್ದಾಗ "ನೋವಿಗೆ ಏನು ಕೊಡುತ್ತೀರಿ ಸಾರ್?" ಎಂದು ಕೇಳಲು ಸಂಕೋಚ ಬೇಡ. ಮನೆಗೆ ಬಂದ ಮೇಲೆ ನಮ್ಮ ಮಾತ್ರೆಯನ್ನು ಅದಕ್ಕೆ ಕೊಡುವುದೂ ಬೇಡ. ಐಬುಪ್ರೊಫೆನ್ ನಾಯಿಯ ಹೊಟ್ಟೆ, ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಮಕ್ಕಳಿಗೆ ಇದನ್ನು ತರಗತಿಯಲ್ಲಿ ತಪ್ಪದೆ ಹೇಳೋಣ.